ಆತಕೂರಿನ ಕಲ್ಲು ಮತ್ತು ನಮ್ಮ ಇತಿಹಾಸದ ಪಾಠ

ಇತಿಹಾಸದ ಪಾಠವನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ಒಂದು ದೂರು ಇದೆ. ಅದಕ್ಕೆ ಒಂದು ಸಿದ್ಧೌಷಧವೂ ಇದೆ. ಪಾಠ ಒಣಕಲಾಗಿದೆ, ಇಸವಿಗಳ ಮೂಟೆಯಾಗಿದೆ ಎಂಬುದು ದೂರು. ಅದನ್ನು ಕಥೆಯಂತೆ ಹೇಳಿ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ ಎಂಬುದು ಔಷಧ. ಸಭೆಗಳಲ್ಲಿ ಭಾಷಣ ಮಾಡುವವರೆಲ್ಲ ಈ ಎರಡು ಮಾತುಗಳನ್ನೂ ಒಂದರ ಹಿಂದೆ ಒಂದರಂತೆ ಆಡಿ, ಚಪ್ಪಾಳೆ ಪಡೆದು ಇಳಿಯುತ್ತಾರೆ. ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ, ನಿವೃತ್ತನಾಗಿ ಬೆಸಗರಹಳ್ಳಿಯಲ್ಲಿ ಕುಳಿತು, ಸಂಜೆಯ ಹೊತ್ತು ಜಗಲಿಗೆ ಬರುವ ಹತ್ತನೆಯ ತರಗತಿಯ ಏಳೆಂಟು ಮಕ್ಕಳಿಗೆ ಮನೆಪಾಠ ಹೇಳುವ ನಾನು ಆ ದೂರನ್ನು ಒಪ್ಪುತ್ತೇನೆ. ಔಷಧದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಏಕೆಂದರೆ ಆ ಔಷಧವನ್ನು ಬಹಳ ವರ್ಷ ನಾನೇ ಕುಡಿಸಿದ್ದೇನೆ.

ಮೊದಲು ದೂರಿನ ಮಾತು. ನಮ್ಮ ಇತಿಹಾಸ ಪಠ್ಯಗಳ ಗದ್ಯವನ್ನು ಸಾಹಿತ್ಯದ ವಿಮರ್ಶಕರು ಯಾರೂ ಮುಟ್ಟುವುದಿಲ್ಲ. ಮುಟ್ಟಿದ್ದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಹೆಚ್ಚಾಗಿ ಬರುವ ಕ್ರಿಯಾಪದಗಳು ನಾಲ್ಕೇ: ಆಳಿದನು, ಗೆದ್ದನು, ಕಟ್ಟಿಸಿದನು, ಪೋಷಿಸಿದನು. ಈ ನಾಲ್ಕಕ್ಕೆ ಹೊಂದುವ ಹೆಸರುಗಳನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಾಯಿಸಿದರೆ ಕದಂಬರು ಗಂಗರಾಗುತ್ತಾರೆ, ಗಂಗರು ಹೊಯ್ಸಳರಾಗುತ್ತಾರೆ. ಆದರೆ ನನ್ನ ಆಕ್ಷೇಪ ಶೈಲಿಗಷ್ಟೇ ಸಂಬಂಧಿಸಿದ್ದಲ್ಲ. ಆ ವಾಕ್ಯಗಳನ್ನು ಹೇಳುತ್ತಿರುವವರು ಯಾರು ಎಂಬುದು ಎಲ್ಲಿಯೂ ಗೊತ್ತಾಗುವುದಿಲ್ಲ. ಯಾರು ಕಂಡರು, ಯಾರು ಬರೆದರು, ಬರೆದವನಿಗೆ ಅದರಿಂದ ಏನು ಲಾಭ ಎಂಬುದರ ಸುಳಿವೇ ಇಲ್ಲದೆ, ಎಲ್ಲವೂ ಆಕಾಶವಾಣಿಯಂತೆ ಕೇಳಿಬರುತ್ತದೆ. ಆಕಾಶವಾಣಿಗೆ ಎದುರು ಪ್ರಶ್ನೆ ಹಾಕುವುದು ಹೇಗೆ? ಮಕ್ಕಳು ಉರು ಹೊಡೆಯುತ್ತಾರೆ. ಗೈಡುಗಳು ಬಂದ ಮೇಲಂತೂ ಕಾರಣಗಳು ಆರು, ಪರಿಣಾಮಗಳು ಐದು ಎಂದು ಲೆಕ್ಕ ಹಾಕಿಟ್ಟದ್ದನ್ನು ನುಂಗಿ, ಪರೀಕ್ಷೆಯ ಕೋಣೆಯಲ್ಲಿ ಕಕ್ಕಿ ಬರುತ್ತಾರೆ.

ಈ ಒಣಕಲಿನಿಂದ ಬೇಸತ್ತು ನಾನು ಕಥೆಗಾರನಾದೆ. ನಮ್ಮ ಮದ್ದೂರು ತಾಲೂಕಿನ ನೆಲವೂ ಅದಕ್ಕೆ ಒದಗಿಬಂತು. ಇತ್ತ ಶಿವಪುರ, ಅತ್ತ ಆತಕೂರು; ಈಗಿನವರ ಬಾಯಲ್ಲಿ ಆತಗೂರು. ಆತಕೂರಿನ ಶಾಸನದ ವಿಷಯ ತಿಳಿಯದ ಓದುಗರಿಗಾಗಿ ಎರಡು ಮಾತು ಹೇಳುತ್ತೇನೆ. ಅದು ಕ್ರಿ.ಶ. 949-50ರದು; ಕಲ್ಲಿನಲ್ಲೇ ಇರುವ ಲೆಕ್ಕದಂತೆ ಶಕವರ್ಷ 872, ಸೌಮ್ಯ ಸಂವತ್ಸರ. ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಕಲ್ಲಿನ ಕನ್ನರದೇವ, ತಮಿಳುನಾಡಿನ ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನೊಡನೆ ಕಾದಿದ. ಕೃಷ್ಣನ ಕಡೆ ನಿಂತವನು ನಮ್ಮ ಗಂಗರ ದೊರೆ ಇಮ್ಮಡಿ ಬೂತುಗ. ಬೂತುಗನ ಕೈಕೆಳಗಿನ ಮಣಲೆರ ಎಂಬ ಭಟ ಆ ಕಾಳಗದಲ್ಲಿ ಪರಾಕ್ರಮ ತೋರಿಸಿದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಊರಿಗೆ ಬಂದ ಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಎರಡು ಖಂಡುಗ ಮಣ್ಣನ್ನು ಬಿಟ್ಟ. ಆ ಮಣ್ಣನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಕಟ್ಟು ಮಾಡಿದ. ನಾಯಿ ಹಂದಿಗಳ ಕಾದಾಟದ ಚಿತ್ರವನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಕಲ್ಲು ಇಂದು ಆತಕೂರಿನಲ್ಲಿಲ್ಲ. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಬಹಳ ಕಾಲವಾಯಿತು.

ಇಂಥ ಕಥೆ ಸಿಕ್ಕ ಮೇಷ್ಟರು ಬಿಟ್ಟಾರೆಯೆ? ನಾನು ತಕ್ಕೋಲದ ಯುದ್ಧವನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಮೇಜೇ ಆನೆ. ಅಳತೆಕೋಲೇ ಕಠಾರಿ. ಬೂತುಗನು ರಾಜಾದಿತ್ಯನನ್ನು ಸ್ನೇಹ ನಟಿಸಿ ಅಪ್ಪಿಕೊಂಡು, ಅಪ್ಪಿದ ಕೈಯಿಂದಲೇ ಸುರಗಿಯಿಂದ ಇರಿದು ಕೊಂದ ಎಂಬುದು ನನ್ನ ನಾಟಕದ ಕೊನೆಯ ಅಂಕ. ಇದನ್ನು ನಾನು ಕಟ್ಟಿದ್ದಲ್ಲ. ಕಲ್ಲನ್ನು ಮೊದಮೊದಲು ಓದಿದ ವಿದ್ವಾಂಸರು ಆ ಸಾಲನ್ನು ಹಾಗೆಯೇ ಅರ್ಥ ಮಾಡಿದ್ದರು. ಹಳೆಯ ಇಂಗ್ಲಿಷ್ ಬರಹವೊಂದರಲ್ಲಿ ನಾನು ಅದನ್ನು ಓದಿದ್ದೆ. ಅದಕ್ಕೆ ಇನ್ನೊಂದು ಒಗ್ಗರಣೆಯನ್ನೂ ಹಾಕುತ್ತಿದ್ದೆ. ತಮಿಳು ಶಾಸನಗಳು ಈ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ಕರೆಯುತ್ತವೆ ಎಂದು ಹೇಳಿ, ಮೇಜಿನ ಮೇಲಿಂದ ಉರುಳುತ್ತಿದ್ದೆ. ಮಕ್ಕಳು ಹೋ ಎನ್ನುತ್ತಿದ್ದರು. ಪಕ್ಕದ ತರಗತಿಯ ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ನಿವೃತ್ತನಾದ ಮೇಲೆ ಒಂದು ಸಂಜೆ, ಜಗಲಿಯ ಮೇಲೆ, ಇದೇ ಕಥೆಯನ್ನು ಹೇಳಿದೆ. ಮೇಜು ಇರಲಿಲ್ಲವಾದ್ದರಿಂದ ಬರಿಯ ಬಾಯಿಮಾತು. ಸಮಾಜ ವಿಜ್ಞಾನದಲ್ಲಿ ಒಮ್ಮೆ ನಪಾಸಾಗಿ ಮರುಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

“ಸಾ, ಆನೆ ಮ್ಯಾಲೆ ಕುಂತಿದ್ದೋನ್ನ ತಬ್ಕೊಳ್ಳಾದು ಹೆಂಗೆ?”

ಉಳಿದ ಮಕ್ಕಳು ನಕ್ಕರು. ನಾನೂ ನಕ್ಕೆ. “ಅದೆಲ್ಲಾ ಪರೀಕ್ಷೇಲಿ ಬರಲ್ಲ ಕಣಮ್ಮ, ಇಸವಿ ನೆನಪಿಟ್ಕೊ ಸಾಕು” ಎಂದೆ. ಅವಳು ತಲೆ ತಗ್ಗಿಸಿ 949 ಎಂದು ಬರೆದುಕೊಂಡಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಸಂಗತಿಗಳನ್ನೂ ನನ್ನ ಬಾಯಿಂದಲೇ, ಒಂದೇ ಉಸಿರಿನಲ್ಲಿ, ಎಷ್ಟು ವರ್ಷ ಹೇಳುತ್ತ ಬಂದಿದ್ದೆ! ಅವು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನನ್ನ ಕೈಯಲ್ಲಿ ಕಲಿತ ಒಬ್ಬ ಜಾಣನಿಗೂ ಹೊಳೆದಿರಲಿಲ್ಲ. ಕಥೆಯ ಓಟ ಅಂಥದು. ಅದು ಕೇಳುವವರನ್ನು ಎಳೆದುಕೊಂಡು ಹೋಗುತ್ತದೆ, ನಡುವೆ ನಿಂತು ನೋಡಲು ಬಿಡುವುದಿಲ್ಲ. ಓಟಕ್ಕೆ ಸಿಕ್ಕದೆ ಹಿಂದೆ ಉಳಿದ ಹುಡುಗಿಗೆ ಮಾತ್ರ ಅದು ಕಂಡಿತು.

ಮುಂದಿನ ವಾರ ಮೈಸೂರಿಗೆ ಹೋದೆ. ನಮ್ಮ ಸೀಮೆಯ ಶಾಸನಗಳು ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ 1894ರಲ್ಲಿಯೇ ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಾಗ ಮದ್ದೂರು ತಾಲೂಕು ಏಳನೆಯ ಸಂಪುಟಕ್ಕೆ ಬಂತು. ಅವನ್ನೂ ಆತಕೂರಿನ ಕಲ್ಲನ್ನು ಕುರಿತ ಬೇರೆ ಬರಹಗಳನ್ನೂ ಮುಂದಿಟ್ಟುಕೊಂಡು ಕುಳಿತೆ. ತಿಳಿದದ್ದು ಇಷ್ಟು. ಕಲ್ಲಿನ ಆ ಸಾಲಿನಲ್ಲಿ ಅಕ್ಷರಗಳನ್ನು ಎಲ್ಲಿ ಬಿಡಿಸಿ ಓದಬೇಕು ಎಂಬುದರಲ್ಲಿ ಭೇದವಿದೆ. ಒಂದು ರೀತಿ ಓದಿದರೆ ಕಳ್ಳತನದ ಅಪ್ಪುಗೆ. ಇನ್ನೊಂದು ರೀತಿ ಓದಿದರೆ ಅಪ್ಪುಗೆಯೂ ಇಲ್ಲ, ಕಳ್ಳತನವೂ ಇಲ್ಲ: ಆನೆಯ ಮೇಲಿನ ಅಂಬಾರಿಯೇ ರಣರಂಗವಾಗಲು ಬೂತುಗ ರಾಜಾದಿತ್ಯನನ್ನು ಇರಿದ ಎಂದರ್ಥ. ಒಪ್ಪಿಗೆಯಾಗುವುದು ಈ ಎರಡನೆಯ ಓದು. ಚೋಳರ ಕಡೆಯವರೇ ತಮ್ಮ ದೊರೆ ಆನೆಯ ಮೇಲೆ ಮಡಿದ ಎಂದು ಹೇಳಿಕೊಳ್ಳುವುದಕ್ಕೆ ಇದು ಸರಿಯಾಗಿ ಕೂಡುತ್ತದೆ. ನಪಾಸಾದ ಹುಡುಗಿ ಕಂಬಕ್ಕೆ ಒರಗಿ ಕೇಳಿದ್ದು ವಿದ್ವಾಂಸರು ಜಗಳವಾಡಿದ ಪ್ರಶ್ನೆಯನ್ನೇ. ವಿದ್ವಾಂಸರು ಅದನ್ನು ಯಾವಾಗಲೋ ಬಗೆಹರಿಸಿಕೊಂಡಿದ್ದರು. ತಿಳಿಯದೆ ಉಳಿದವನು ಮೇಷ್ಟರು ಮಾತ್ರ.

ಜಗಲಿಯ ಮೇಲೆ ಮಕ್ಕಳ ಎದುರು, ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ. ಮೂವತ್ತನಾಲ್ಕು ವರ್ಷ ನನ್ನ ಕೈಯಿಂದ ದಾಟಿ ಹೋದವರ ಲೆಕ್ಕ ಯಾರಿಗೆ ಗೊತ್ತು? ಅವರಲ್ಲಿ ಗುಮಾಸ್ತರಿದ್ದಾರೆ, ಒಕ್ಕಲು ಮಾಡುವವರಿದ್ದಾರೆ, ಮೇಷ್ಟರೂ ಇದ್ದಾರೆ. ಎಲ್ಲರೂ ಬೂತುಗ ಮೋಸಗಾರ ಎಂದೇ ನಂಬಿ ಹೋದರು. ಸತ್ತು ಸಾವಿರ ವರ್ಷವಾದವನ ಮೇಲೆ ಸುಳ್ಳು ಸಾಕ್ಷಿ ಹೇಳಿದರೆ ಅವನೇನು ಕೋರ್ಟಿಗೆ ಎಳೆಯುವುದಿಲ್ಲ. ಆದರೆ ಆ ಸಾಕ್ಷಿಯನ್ನು ಪರೀಕ್ಷಿಸದೆ ನಂಬುವ ಅಭ್ಯಾಸವನ್ನು ಅಷ್ಟು ಮಕ್ಕಳಿಗೆ ನಾನೇ ಕಲಿಸಿದೆ, ಅದೂ ಚಪ್ಪಾಳೆಯೊಡನೆ.

ಇಲ್ಲಿ ಇನ್ನೊಂದು ಅಪಾಯವಿತ್ತು. ಹೊಸ ಓದನ್ನು ಹೇಳಿದ ಕೂಡಲೇ ಹುಡುಗರು ಹಿಗ್ಗಿದರು. “ನಮ್ಮೋನು ಮೋಸ ಮಾಡಿಲ್ಲ ಅಂತ ನಂಗೊತ್ತಿತ್ತು ಸಾ” ಎಂದ ಒಬ್ಬ. ನಾನು ಅವನನ್ನು ತಡೆದು ಕೇಳಿದೆ: ಹೊಸ ಓದು ಬೂತುಗನಿಗೆ ಕೆಟ್ಟ ಹೆಸರು ತರುವಂಥದಾಗಿದ್ದರೆ ಇಷ್ಟೇ ಬೇಗ ಒಪ್ಪುತ್ತಿದ್ದೆಯಾ? ಅವನು ಸುಮ್ಮನಾದ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದಾಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿ, ತಾವು ಯಾರೆಂಬುದನ್ನೇ ಮರೆತಿದ್ದರು. ಎಬ್ಬಿಸುವ ಪುಸ್ತಕ ಆಗ ಬೇಕಾಗಿತ್ತು, ಅದು ಎಬ್ಬಿಸಿತು. ಆ ಉಪಕಾರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಎದ್ದವನು ದಿನವೂ ಏಳುವ ಕೆಲಸವನ್ನೇ ಮಾಡುತ್ತಿದ್ದರೆ ಉಳಿದ ಕೆಲಸ ಯಾವಾಗ? ಹತ್ತನೆಯ ತರಗತಿಯ ಮಗು ಗಂಗರ ವಕೀಲನಾಗಬೇಕಾಗಿಲ್ಲ, ಚೋಳರ ವಕೀಲನೂ ಆಗಬೇಕಾಗಿಲ್ಲ. ಅದು ಕೂರಬೇಕಾದದ್ದು ನ್ಯಾಯ ಹೇಳುವ ಕಟ್ಟೆಯ ಮೇಲೆ.

ಅಂದಿನಿಂದ ನನ್ನ ಪಾಠದ ಕ್ರಮ ಬದಲಾಯಿತು. ಇದನ್ನು ಕ್ರಮವೆಂದು ಕರೆಯುವುದೂ ದೊಡ್ಡ ಮಾತೇ. ಮಕ್ಕಳ ನೋಟುಬುಕ್ಕಿನ ಹಾಳೆಗೆ ನಡುವೆ ಒಂದು ಗೆರೆ ಹೊಡೆಸುತ್ತೇನೆ. ಎಡಗಡೆ ‘ಏನು ನಡೆಯಿತು’, ಬಲಗಡೆ ‘ಹೇಗೆ ಗೊತ್ತು’. ಎಡಗಡೆ ಒಂದು ಸಾಲು ಬರೆದವನು ಬಲಗಡೆ ಒಂದು ಸಾಲು ಬರೆಯದೆ ಮುಂದಕ್ಕೆ ಹೋಗುವ ಹಾಗಿಲ್ಲ. ಬಲಗಡೆ ಖಾಲಿ ಉಳಿದರೆ ಖಾಲಿ ಬಿಡಬೇಕು. ತುಂಬಿಸಲು ಸುಳ್ಳು ಬರೆಯಬಾರದು. ಗೈಡಿನಿಂದ ಇಳಿಸಿದ ಉತ್ತರಗಳಿಗೆ ಬಲಗಡೆ ಎಷ್ಟು ಖಾಲಿ ಉಳಿಯುತ್ತದೆ ಎಂಬುದನ್ನು ನೋಡಿ ಮಕ್ಕಳಿಗೇ ಆಶ್ಚರ್ಯವಾಯಿತು.

ಆಮೇಲೆ ಆತಕೂರಿನ ಶಾಸನವನ್ನು ಹೊಸಗನ್ನಡದಲ್ಲಿ ಬರೆದುಕೊಟ್ಟು, ಅದನ್ನು ಪದ್ಯ ಓದುವಂತೆ ಸಾಲುಸಾಲಾಗಿ ಓದಿಸುತ್ತೇನೆ. ಮಕ್ಕಳು ಕಂಡುಹಿಡಿದದ್ದನ್ನು ಹೇಳಿದರೆ ಓದುಗರಿಗೂ ಸಂತೋಷವಾದೀತು. ಒಂದೇ ಕಲ್ಲಿನಲ್ಲಿ ಒಂದು ಕಡೆ ರಾಜಾದಿತ್ಯನನ್ನು ಕೊಂದವನು ಕನ್ನರದೇವ, ಇನ್ನೊಂದು ಕಡೆ ಬೂತುಗ! ಹಾಗಾದರೆ ಕಲ್ಲು ಸುಳ್ಳೆ? ಅಲ್ಲ, ಆಳು ಮಾಡಿದ ಕೆಲಸ ಒಡೆಯನ ಹೆಸರಿಗೆ ಬರೆಯಿಸಿಕೊಳ್ಳುತ್ತದೆ ಎಂದು ಒಬ್ಬ ಹೇಳಿದ. ಅವನಪ್ಪ ಗಾರೆ ಕೆಲಸದವನು. ಚೋಳರ ಕಡೆಯ ಲೈಡನ್ ತಾಮ್ರಶಾಸನದಲ್ಲಿ ರಾಜಾದಿತ್ಯ ಆನೆಯ ಮೇಲೆ ಕುಳಿತಿರುವಾಗ ಎದೆಗೆ ಬಾಣ ತಗುಲಿ ಸತ್ತ ಎಂದಿದೆ. ಸುರಗಿಯೋ, ಬಾಣವೋ? ಇದು ತೀರ್ಮಾನವಾಗಲಿಲ್ಲ. ತೀರ್ಮಾನವಾಗದ್ದನ್ನು ಹಾಗೆಯೇ ಬರೆದಿಟ್ಟೆವು. ಎರಡು ಕಡೆಯವರೂ ಒಪ್ಪುವುದು ಆನೆಯನ್ನು. ಆದ್ದರಿಂದ ಆನೆ ಗಟ್ಟಿ ಎಂದು ಅವರೇ ಹೇಳಿದರು.

ಖಂಡುಗವೆಂದರೆ ಏನು ಎಂದು ನಾನು ಹೇಳಲಿಲ್ಲ. ಮನೆಯಲ್ಲಿ ಅಜ್ಜಂದಿರನ್ನು ಕೇಳಿ ಬನ್ನಿ ಎಂದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಅಷ್ಟು ಬೀಜ ಹಿಡಿಯುವ ನೆಲಕ್ಕೂ ಖಂಡುಗವೆಂದೇ ಹೆಸರು ಎಂದು ಮರುದಿನ ಕೇಳಿಕೊಂಡು ಬಂದರು. ಶಾಸನದ ಮಾತು ಅಜ್ಜನ ಬಾಯಲ್ಲಿ ಇನ್ನೂ ಇದೆ ಎಂಬುದು ಅವರಿಗೆ ಬೆರಗಾಗಿತ್ತು. ಭೂಪಟದಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡ, ತಮಿಳುನಾಡಿನ ತಕ್ಕೋಲ, ನಮ್ಮ ಆತಕೂರು ಈ ಮೂರಕ್ಕೂ ಗುಂಡುಸೂಜಿ ಚುಚ್ಚಿ ದಾರ ಕಟ್ಟಿಸಿದೆ. ಮಳಖೇಡದ ದೊರೆಯ ಯುದ್ಧ ತಕ್ಕೋಲದಲ್ಲಿ. ಅದರ ನೆನಪು ನಮ್ಮ ಊರಿನ ಪಕ್ಕದಲ್ಲಿ, ನಾಯಿಯೊಂದರ ನೆಪದಿಂದ. ಇನ್ನು ಕಾಲದ ಅಳತೆ. ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷವೆಂದು ಹಿಡಿದರೆ ಆ ಕಲ್ಲಿನಿಂದ ನಮ್ಮವರೆಗೆ ಸುಮಾರು ನಲವತ್ತಮೂರು ತಲೆಮಾರು. ಪರಿಚಯದ ಮೇಷ್ಟರೊಬ್ಬರ ಶಾಲೆಯ ಬಯಲಲ್ಲಿ ಅಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೊನೆಯವನು ಮಣಲೆರ, ಮೊದಲನೆಯವಳು ನೀನು, ನಡುವಿನವರೆಲ್ಲ ಅಪ್ಪ, ಅಜ್ಜ, ಮುತ್ತಜ್ಜ ಎಂದೆವು. ಸಾವಿರ ವರ್ಷವೆಂಬುದು ಒಂದು ತರಗತಿಯಷ್ಟೇ ಉದ್ದ ಎಂದು ಅವರಿಗೆ ಕಂಡಿತು.

ಕೊನೆಯ ಪ್ರಶ್ನೆ ಯಾವಾಗಲೂ ಇದು: ಈ ಕಲ್ಲಿನಲ್ಲಿ ಯಾರ ಹೆಸರು ಇಲ್ಲ? ಆ ಎರಡು ಖಂಡುಗವನ್ನು ಉತ್ತವರ ಹೆಸರಿಲ್ಲ. ಕಲ್ಲು ಕೊರೆದ ಕೈಯ ಪರಿಚಯವಿಲ್ಲ. ಮಣಲೆರನ ಮನೆಯ ಹೆಂಗಸರ ಸುದ್ದಿಯೇ ಇಲ್ಲ. ನಾಯಿಗೆ ಹೆಸರಿದೆ. ಇದನ್ನು ಗುರುತಿಸಿದವಳೂ ಆ ಹುಡುಗಿಯೇ.

ಈ ಕ್ರಮಕ್ಕೆ ಎದುರು ಮಾತು ಇಲ್ಲದಿಲ್ಲ. ಮೊದಲನೆಯದು ಹೊತ್ತು. ಒಂದು ಕಲ್ಲಿಗೆ ನಾಲ್ಕು ಸಂಜೆ ಕೊಟ್ಟರೆ ಫ್ರಾನ್ಸಿನ ಕ್ರಾಂತಿಯನ್ನು ಮುಗಿಸುವುದು ಯಾವಾಗ? ಒಬ್ಬ ತಂದೆ ಬಂದು, “ಮೇಷ್ಟ್ರೆ, ಕಲ್ಲು ಪಲ್ಲು ಎಲ್ಲಾ ಬ್ಯಾಡಿ. ನಮ್ ಹೈದ ಪಾಸಾಗೋ ಅಷ್ಟು ಹೇಳ್ಕೊಟ್ಬುಡಿ” ಎಂದ. ಅವನ ಮಾತಿನಲ್ಲಿ ನ್ಯಾಯವಿದೆ. ಮನೆಪಾಠಕ್ಕೆ ಬರುವವನು ಪರೀಕ್ಷೆಯ ಹೆದರಿಕೆಯಿಂದ ಬರುತ್ತಾನೆ. ಆ ಹೆದರಿಕೆಯನ್ನು ಇಳಿಸದೆ ತತ್ತ್ವ ಹೇಳುವುದು ಹಸಿದವನಿಗೆ ಹರಿಕಥೆ ಮಾಡಿದ ಹಾಗೆ. ನಾನು ಇಸವಿಗಳನ್ನೂ ಬರೆಯಿಸುತ್ತೇನೆ, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಬಿಡಿಸುತ್ತೇನೆ. ಆದರೆ ಒಂದು ಕಲ್ಲನ್ನು ಹೀಗೆ ಓದಿದ ಮಗು ಉಳಿದ ಪಾಠಗಳನ್ನು ಓದುವ ರೀತಿಯೇ ಬೇರೆ. ಎಡಗಡೆ ಬಲಗಡೆ ಎಂಬ ಗೆರೆ ಅದರ ಮನಸ್ಸಿನಲ್ಲಿ ಬಿದ್ದಿರುತ್ತದೆ. ಉರು ಹೊಡೆದದ್ದು ಮರೆಯುತ್ತದೆ; ತಾನೇ ಜಗಳವಾಡಿ ಒಪ್ಪಿದ್ದು ಮರೆಯುವುದಿಲ್ಲ.

ಎರಡನೆಯ ಆಕ್ಷೇಪ, ಹಳ್ಳಿಯ ಮೇಷ್ಟರಿಗೆ ಸಂಶೋಧನೆ ಏಕೆ ಎಂಬುದು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರು ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರೂ ಹೌದು. ಹುಡುಕುವುದೂ ಕಲಿಸುವುದೂ ಒಬ್ಬರಲ್ಲೇ ಕೂಡಿದ್ದ ಕಾಲ ಅದು. ಎಲ್ಲರೂ ಕೃಷ್ಣರಾಗಲಿ ಎಂದು ನಾನು ಹೇಳುತ್ತಿಲ್ಲ. ತಾನು ಹೇಳುವ ಸಂಗತಿ ಎಲ್ಲಿಂದ ಬಂತು ಎಂಬುದನ್ನು ಒಮ್ಮೆಯಾದರೂ ಹೋಗಿ ನೋಡಿದ ಮೇಷ್ಟರಿಗೂ, ನೋಡದ ಮೇಷ್ಟರಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ತಿಳಿಯುತ್ತದೆ ಎಂದಷ್ಟೇ ಹೇಳುತ್ತೇನೆ.

ಕಲ್ಲೇ ಆಗಬೇಕೆಂದೂ ಇಲ್ಲ. ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲಿನಲ್ಲಿ, ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಶಿವಪುರದ ಜನಸಂದಣಿಯನ್ನು ಕಣ್ಣಾರೆ ಕಂಡ ಹಿರಿಯರು ಸುತ್ತಿನ ಊರುಗಳಲ್ಲೆಲ್ಲ ಇದ್ದರು. ನಾನು ತರಗತಿಯಲ್ಲಿ ಮೇಜಿನ ಮೇಲಿಂದ ಉರುಳುತ್ತಿದ್ದೆ. ಒಬ್ಬ ಮಗುವನ್ನೂ ಅವರ ಬಳಿಗೆ ಕಳುಹಿಸಲಿಲ್ಲ. ಈಗ ಕಳುಹಿಸಬೇಕೆಂದರೆ ಅವರಿಲ್ಲ. ಬಲಗಡೆಯ ಅಷ್ಟು ಸಾಲುಗಳು ನನ್ನಿಂದಲೇ ಖಾಲಿ ಉಳಿದವು. ಕಲ್ಲು ಕಾಯುತ್ತದೆ, ಮುದುಕರು ಕಾಯುವುದಿಲ್ಲ. ಈ ಮಾತನ್ನು ಕಿರಿಯ ಮೇಷ್ಟರುಗಳಿಗೆ ಬೇಡಿಕೊಂಡು ಹೇಳುತ್ತೇನೆ.

ಪಠ್ಯ ಬರೆಯುವವರಲ್ಲಿಯೂ ಒಂದು ಬೇಡಿಕೆ. ಪ್ರತಿ ತಾಲೂಕಿನ ಮಕ್ಕಳಿಗೆ ಆ ತಾಲೂಕಿನ ಒಂದು ಶಾಸನವನ್ನು ಹೊಸಗನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ಎರಡು ಪುಟ ಸಾಕು. ಕೆಳಗೆ ಸಾರಾಂಶ ಬೇಡ, ವೈಭವದ ಮಾತು ಬೇಡ, ಪ್ರಶ್ನೆಗಳೂ ಬೇಡ. ಪ್ರಶ್ನೆಗಳನ್ನು ಮಕ್ಕಳು ಕೇಳುತ್ತಾರೆ.

ಆ ಹುಡುಗಿ ಮರುಪರೀಕ್ಷೆಯಲ್ಲಿ ಪಾಸಾದಳು, ದೊಡ್ಡ ಅಂಕವೇನಲ್ಲ. ಆತಕೂರಿನ ಪ್ರಶ್ನೆ ಬಂದಿರಲಿಲ್ಲ. ಫಲಿತಾಂಶ ಬಂದ ದಿನ ಜಗಲಿಗೆ ಬಂದು ಸಕ್ಕರೆ ಕೊಟ್ಟಳು. ಹೊರಡುವಾಗ, ಬೆಂಗಳೂರಿಗೆ ಹೋದರೆ ಆ ಕಲ್ಲನ್ನು ನೋಡಬಹುದೇ ಎಂದು ಕೇಳಿದಳು. ನೋಡಬಹುದು ಎಂದೆ. ನೋಡಿ ಬಂದು ಏನು ಕೇಳುತ್ತಾಳೋ ಎಂದು ಈಗಲೂ ಒಂದಿಷ್ಟು ಅಳುಕು ಇದೆ. ಅದು ಇರಲಿ ಎಂದೇ ನನ್ನ ಆಸೆ.